ಲ್ಯಾಗ್ ಬಿಡಿಸಿದ ಮಹಾದೇವಿ

ಮನೆ ಕಟ್ಟುವ ಗೌಂಡಿ ಅಣವೀರಪ್ಪನ ಮಗಳು ಮಹಾದೇವಿ ಮುಂಬಯಿಯ ಸಯನ್‌ನ ಸಾಲುಮನೆಗಳ ಚಾಳಿನಲ್ಲಿ ಹುಟ್ಟಿ, ಚಾಳಿನ ಹಿಂದಿದ್ದ ಮೈದಾನದಲ್ಲಿ ಬೆಳೆದವಳು. ಕಬಡ್ಡಿಯಲ್ಲಿ ರೇಡ್‌ಗೆ ಹೋದರೆ ಬರಿಗೈಯಲ್ಲಿ ಮರಳುವವಳಲ್ಲ ಎಂದು ಹೆಸರಾಗಿದ್ದಳು. ದೊಡ್ಡ ತಂಡವೊಂದರ ಆಯ್ಕೆಗೆ ಕರೆ ಬಂದ ವರ್ಷ, ಆಯ್ಕೆಯ ಅಂಕಣದಲ್ಲೇ ಅವಳ ಬಲ ಮೊಣಕಾಲು ತಿರುಚಿಕೊಂಡಿತು. ಒಳಗಿನ ಲಿಗಮೆಂಟ್ ಹರಿದಿತ್ತು. ಡಾಕ್ಟರು ಎಲ್ಲ ನೋಡಿ, ಲೋಕಲ್ ರೈಲು ಹತ್ತಬಹುದು, ಮೆಟ್ಟಿಲು ಇಳಿಯಬಹುದು, ಕಬಡ್ಡಿ ಮಾತ್ರ ಬೇಡ ಎಂದರು. ಅಣವೀರಪ್ಪ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ತಾನೇ ಬಿದ್ದವನ ಹಾಗೆ ಕಾಲು ಹಿಡಿದುಕೊಂಡು ಅತ್ತ. ಮಹಾದೇವಿ ಅಳಲಿಲ್ಲ. ಅಳುವುದಕ್ಕೆ ಯಾರ ಮೇಲಾದರೂ ಸಿಟ್ಟು ಇರಬೇಕಲ್ಲ. ಮೊಣಕಾಲಿನ ಮೇಲೆ ಸಿಟ್ಟು ಮಾಡಿ ಏನು ಬಂತು?

ಆಮೇಲೆ ಓದು ಮುಗಿಯಿತು, ಪರೇಲಿನ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ ಸಿಕ್ಕಿತು, ಚೆಂಬೂರಿನ ಅನಿಲಕುಮಾರನ ಜೊತೆ ಮದುವೆಯಾಯಿತು. ಕಾಲೊನಿಯ ಮೂರನೆಯ ಮಹಡಿಯ ಚಿಕ್ಕ ಫ್ಲ್ಯಾಟಿನಲ್ಲಿ ಅತ್ತೆ ಲಕ್ಷ್ಮವ್ವ, ಗಂಡ, ಮೈದುನ ಸಂತು, ಅವಳು. ಅನಿಲಕುಮಾರ ವಿಮಾ ಕಂಪನಿಯ ನೌಕರ. ವಾರದಲ್ಲಿ ಕೆಲವು ದಿನ ಮನೆಯಿಂದಲೇ ಕೆಲಸ. ಸಂತು ಮದುವೆಗಳ ವೀಡಿಯೊ ತೆಗೆಯುವವನು. ಅವನು ಹೊಸ ಕಂಪ್ಯೂಟರ್ ತಂದಾಗ ಹಳೆಯದನ್ನು ಅತ್ತಿಗೆಗೆ, ಅವನ ಬಾಯಲ್ಲಿ ವೈನಿಗೆ, ಕೊಟ್ಟ. ಕೊಟ್ಟವನು ಸುಮ್ಮನಿರದೆ ಒಂದು ಆಟವನ್ನೂ ಹಾಕಿಕೊಟ್ಟ.

ಐದು ಜನ ಒಂದು ಕಡೆ, ಐದು ಜನ ಇನ್ನೊಂದು ಕಡೆ. ಎದುರಾಳಿಗಳು ಕಾಯುತ್ತಿರುವ ಕೋಟೆಗೆ ನುಗ್ಗಿ ಹಿಡಿಯಬೇಕು. ಮೊದಲು ಒಳಗೆ ಹೋಗುವವರಿಗೆ ಸಾವು ಹತ್ತಿರ. ಆದರೆ ಅವರು ಹೋಗದಿದ್ದರೆ ಹಿಂದಿನವರಿಗೆ ದಾರಿಯಿಲ್ಲ. ಮೊದಲ ಸಂಜೆಯೇ ಮಹಾದೇವಿಗೆ ಗೊತ್ತಾಯಿತು, ಇದು ತನ್ನ ಜಾಗ ಎಂದು. ಗೆರೆ ದಾಟುವ ಆ ಒಂದು ಕ್ಷಣ, ಎದೆ ಬಿಗಿಹಿಡಿದ ಉಸಿರು, ಯಾರು ಯಾವ ಕಡೆ ವಾಲುತ್ತಾರೆ ಎಂಬ ಲೆಕ್ಕ. ಮೊಣಕಾಲಿನ ಬಲ ಕೇಳದ ಅಂಕಣ ಒಂದು ಸಿಕ್ಕಿತ್ತು. ಮೂವತ್ತು ದಾಟಿದ ಹೆಂಗಸು ಸಂಜೆ ರೊಟ್ಟಿ ಬಡಿದಿಟ್ಟು, ಕಿವಿಗೆ ಹೆಡ್‌ಫೋನ್ ಹಾಕಿ ಹಾಲ್‌ನ ಮೂಲೆಯಲ್ಲಿ ಕೂರುವುದನ್ನು ಕಂಡು ನೆರೆಯವರು ಮೊದಮೊದಲು ನಕ್ಕರು. ಆಮೇಲೆ ರೂಢಿಯಾಯಿತು.

ಎರಡು ವರ್ಷದಲ್ಲಿ ಅವಳಿಗೊಂದು ತಂಡ ಸಿಕ್ಕಿತು. ಉಳಿದ ನಾಲ್ವರೂ ಮುಂಬಯಿಯ ಹುಡುಗಿಯರು. ನಾಯಕಿ ಯಕ್ಷಿತಾ, ಮೀರಾ ರೋಡಿನವಳು, ಅಪ್ಪ ಉಡುಪಿ ಕಡೆಯವರು, ಹೋಟೆಲಿನವರು. ಮಹಾದೇವಿಗಿಂತ ಹತ್ತು ವರ್ಷ ಚಿಕ್ಕವಳಾದರೂ ಆಟದಲ್ಲಿ ಅವಳ ಮಾತೇ ಮಾತು. ಆ ವರ್ಷ ನಗರ ಮಟ್ಟದ ಮಹಿಳಾ ಪಂದ್ಯಾವಳಿ ಘೋಷಣೆಯಾಯಿತು. ಮೊದಲ ಹಂತವಾದ ಕ್ವಾಲಿಫೈಯರನ್ನು ಅವರವರ ಮನೆಯಿಂದಲೇ ಆಡಬೇಕು. ಗೆದ್ದವರಿಗೆ ಕೊನೆಯ ಹಂತ ಸಭಾಂಗಣದಲ್ಲಿ, ಜನರ ಮುಂದೆ.

ಕಷ್ಟ ಶುರುವಾದದ್ದು ಅಲ್ಲಿಂದ. ಅಭ್ಯಾಸದ ಹೊತ್ತಿನಲ್ಲಿ ಮಹಾದೇವಿ ಬಾಗಿಲು ಒದ್ದು ಒಳಗೆ ನುಗ್ಗಿ ಗುರಿಯಿಟ್ಟು ಗುಂಡು ಹಾರಿಸುವಳು. ಪರದೆ ಗಕ್ಕನೆ ನಿಲ್ಲುವುದು. ಮತ್ತೆ ಚಲಿಸಿದಾಗ ಅವಳು ನೆಲಕ್ಕೆ ಬಿದ್ದಿರುವಳು. ಅವಳ ಗುಂಡು ಎದುರಾಳಿಯನ್ನು ತಲುಪಿಯೇ ಇರುತ್ತಿರಲಿಲ್ಲ. ಆಟದವರು ಇದಕ್ಕೆ ಲ್ಯಾಗ್ ಎನ್ನುತ್ತಾರೆ. ನಾವು ಮಾಡಿದ್ದು ಆಟದ ಕೇಂದ್ರಕ್ಕೆ ಹೋಗಿ ಉತ್ತರ ಬರಲು ಹಿಡಿಯುವ ಹೊತ್ತು ಪರದೆಯ ಮೂಲೆಯಲ್ಲಿ ಪುಟ್ಟ ಅಂಕಿಯಾಗಿ ಕಾಣುತ್ತದೆ. ಅದು ಪಿಂಗ್. ಮಹಾದೇವಿಯ ಪಿಂಗ್ ತಣ್ಣಗೆ ಹಸಿರಾಗಿ ಇರುತ್ತಿದ್ದದ್ದು ಇದ್ದಕ್ಕಿದ್ದಂತೆ ಕೆಂಪಾಗಿ ಹತ್ತುಪಟ್ಟು ಜಿಗಿಯುತ್ತಿತ್ತು.

ಸತತ ಮೂರು ಅಭ್ಯಾಸ ಪಂದ್ಯ ಸೋತ ಮೇಲೆ ಯಕ್ಷಿತಾ ಫೋನು ಮಾಡಿದಳು.

"ಅಕ್ಕ, ನೀವು ಬೇಜಾರ್ ಮಾಡ್ಬಾರ್ದು. ನಿಮ್ಮ ಆಟದಲ್ಲಿ ಏನೂ ಪ್ರಾಬ್ಲಮ್ ಇಲ್ಲ, ನಿಮ್ಮ ನೆಟ್‌ದೇ ಪ್ರಾಬ್ಲಮ್. ನೀವು ನುಗ್ಗಿದ್ದೀರಿ ಅಂತ ನಾವು ಹಿಂದಿನಿಂದ ಬರ್ತೇವೆ, ನೋಡಿದ್ರೆ ನೀವು ಅಲ್ಲೇ ಶಿಲೆ ಆಗಿ ನಿಂತಿರ್ತೀರಿ ಮಾರಾಯ್ರೆ."

"ಮುಂದ ಹೇಳು."

"ಈ ಸಲ ಕ್ವಾಲಿಫೈಯರ್‌ಗೆ ನೀವು ಎಕ್ಸ್ಟ್ರಾದಲ್ಲಿ ಕೂತ್ರೆ... ನಾನು ಬೇರೆ ಒಬ್ಳನ್ನ ನೋಡಿ ಇಟ್ಟಿದ್ದೇನೆ."

ಮಹಾದೇವಿ ಕುರ್ಲಾ ಪ್ಲ್ಯಾಟ್‌ಫಾರ್ಮಿನಲ್ಲಿ ನಿಂತಿದ್ದಳು. ಗಾಡಿ ಬಂದು, ಜನ ಇಳಿದು, ಗಾಡಿ ಹೋಯಿತು. ಅವಳು ಹತ್ತಲಿಲ್ಲ.

"ಯಕ್ಷಿತಾ, ಒಮ್ಮೆ ನನ್ನ ಕಾಲು ನನಗ ಕೈ ಕೊಡ್ತು. ಅದನ್ನ ರಿಪೇರಿ ಮಾಡಾಕ ನನ್ನ ಕೈಲೆ ಆಗಲಿಲ್ಲ. ಇದು ತಂತಿ, ಡಬ್ಬಿ. ಇದನ್ನ ನಾ ರಿಪೇರಿ ಮಾಡ್ತೀನಿ. ಕ್ವಾಲಿಫೈಯರ್ ತನಕಾ ನನ್ನ ಹೆಸರು ತಗೀಬ್ಯಾಡ."

ಯಕ್ಷಿತಾ "ಆಯ್ತಕ್ಕ," ಎಂದಳು.

ಮಹಾದೇವಿ ಮೊದಲು ವೈಫೈ ಮೇಲೆ ಅನುಮಾನಪಟ್ಟಳು. ರೌಟರಿನಿಂದ ಕಂಪ್ಯೂಟರಿಗೆ ಗೋಡೆಯ ಅಂಚಿನುದ್ದಕ್ಕೂ ತಂತಿ ಎಳೆದಳು. ಸ್ವಲ್ಪ ಗುಣ ಕಂಡಿತು, ಲ್ಯಾಗ್ ಪೂರ್ತಿ ಹೋಗಲಿಲ್ಲ. ಇಂಟರ್‌ನೆಟ್ ಕಂಪನಿಯವನನ್ನು ಕರೆಸಿದಳು. ಅವನು ತನ್ನ ಫೋನಿನಲ್ಲಿ ವೇಗ ಅಳೆದು ತೋರಿಸಿ, "ಸ್ಪೀಡ್ ತೋ ಪೂರಾ ಆ ರಹಾ ಹೈ, ಮ್ಯಾಡಮ್," ಎಂದು ಹೊರಟುಹೋದ. ಅವನು ಹೇಳಿದ್ದು ಸುಳ್ಳಲ್ಲ. ವೇಗ ಇತ್ತು, ಲ್ಯಾಗೂ ಇತ್ತು. ಎರಡೂ ಒಟ್ಟಿಗೆ ಹೇಗೆ ಇರುತ್ತವೆ ಎಂಬುದು ಅವಳ ತಲೆಗೆ ಹೋಗಲಿಲ್ಲ.

ಅಂದಿನಿಂದ ಅವಳು ಆಟಕ್ಕಿಂತ ಹೆಚ್ಚಾಗಿ ಮನೆಯನ್ನು ನೋಡತೊಡಗಿದಳು. ಪಿಂಗ್ ಕೆಂಪಾದ ಕೂಡಲೇ ಹೆಡ್‌ಫೋನ್ ತೆಗೆದು ಯಾರು ಏನು ಮಾಡುತ್ತಿದ್ದಾರೆ ಎಂದು ಕಣ್ಣಾಡಿಸುವಳು. ಅತ್ತೆ ಟೀವಿಯಲ್ಲಿ ನೆಟ್ ಮೂಲಕ ಪ್ರವಚನ ನೋಡುತ್ತಿದ್ದರೆ ಅಂಥ ತೊಂದರೆಯಿಲ್ಲ. ಗಂಡ ಮೇಲ್ ಕಳಿಸುತ್ತಿದ್ದರೂ ಇಲ್ಲ. ಸಂತು ತನ್ನ ಕೋಣೆಯಿಂದ "ಹೋಯ್ತು, ಅಪ್ಲೋಡಿಗೆ ಹಾಕಿದೆ," ಎಂದು ಕೈ ಕೊಡವಿಕೊಂಡು ಹೊರಗೆ ಬಂದನೆಂದರೆ ಪಿಂಗ್ ಜಿಗಿಯಿತೆಂದೇ ಲೆಕ್ಕ. ಅವನು ಮದುವೆಯ ಇಡೀ ಚಿತ್ರೀಕರಣವನ್ನು ಅಂಧೇರಿಯ ಎಡಿಟರನಿಗೆ ನೆಟ್ ಮೂಲಕ ಕಳಿಸುತ್ತಿದ್ದ. ಒಂದೊಂದು ಮದುವೆಯೂ ಬೆಟ್ಟದಷ್ಟು.

ಆಸ್ಪತ್ರೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ದೇವಾನಂದ ಮಂಗಳೂರಿನವನು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅವನ ಎದುರು ಕೂತು ಎಲ್ಲವನ್ನೂ ಹೇಳಿದಳು.

"ನಿಮ್ಮ ಕೌಂಟರಿನಲ್ಲಿ ದಿನಾ ಆಗುವುದೇ ಅಲ್ವಾ ಇದು?" ಎಂದ ದೇವಾನಂದ. "ಡಿಸ್ಚಾರ್ಜ್ ಫೈಲ್ ಹಿಡ್ಕೊಂಡವರು ಹತ್ತು ಜನ ಸಾಲಲ್ಲಿ ನಿಂತಿರ್ತಾರೆ. ಅವರ ಹಿಂದೆ ಬರೀ ಒಂದು ಎಕ್ಸ್‌ರೇ ರಶೀದಿಯವ. ಅವನ ಕೆಲಸ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುವಂಥದ್ದು. ಆದ್ರೂ ಕಾಯ್ಬೇಕು."

"ಅಂದ್ರ ಸಂತೂನ ವೀಡಿಯೊ ಡಿಸ್ಚಾರ್ಜ್ ಫೈಲು. ನನ್ನ ಆಟ ಎಕ್ಸ್‌ರೇ ರಶೀದಿ."

"ಅಷ್ಟೇ. ಕೌಂಟರ್ ಅಗಲ ಮಾಡಿದ್ರೆ ಆಗುವುದಿಲ್ಲ, ಸಾಲನ್ನು ಸರಿ ಮಾಡ್ಬೇಕು. ಕೆಲವು ರೌಟರಿನಲ್ಲಿ ಕ್ಯೂಓಎಸ್ ಅಂತ ಇರ್ತದೆ. ಯಾವುದು ಮೊದಲು ಹೋಗ್ಬೇಕು ಅಂತ ಅದು ನೋಡ್ಕೊಳ್ತದೆ. ಉಳಿದದ್ದು ನೀವೇ ಓದಿ, ನನಗೂ ಮನೆ ರೌಟರಿನ ವಿಷಯ ಪೂರ್ತಿ ಗೊತ್ತಿಲ್ಲ."

ಇಂಟರ್ನೆಟ್ ಕಂಪನಿ ಕೊಟ್ಟಿದ್ದ ರೌಟರ್ ಡಬ್ಬಿಯಲ್ಲಿ ಅಂಥದ್ದೇನೂ ಇರಲಿಲ್ಲ. ಮಹಾದೇವಿ ಕಂಪ್ಯೂಟರ್ ಸಾಮಾನಿನ ಪೇಟೆಯಾದ ಲ್ಯಾಮಿಂಗ್ಟನ್ ರೋಡಿಗೆ ಹೋಗಿ, ಅಂಗಡಿ ಅಂಗಡಿ ವಿಚಾರಿಸಿ, ಆ ಸೌಲಭ್ಯ ಇರುವ ರೌಟರ್ ತಂದು ಕಂಪನಿಯ ಡಬ್ಬಿಯ ಪಕ್ಕದಲ್ಲಿ ಕೂರಿಸಿದಳು. ಅದರ ಸೆಟಿಂಗ್ ತೆರೆದಾಗ ಮನೆಯ ಫೋನು, ಟೀವಿ, ಕಂಪ್ಯೂಟರುಗಳ ಹೆಸರೆಲ್ಲ ಸಾಲಾಗಿ ಕಂಡವು. ಯಾವುದಕ್ಕೆ ಮೊದಲ ಮರ್ಯಾದೆ ಎಂದು ಕೇಳುತ್ತಿತ್ತು. ಅವಳು ಹಿಂದೆಮುಂದೆ ನೋಡದೆ ತನ್ನ ಕಂಪ್ಯೂಟರನ್ನು ಎಲ್ಲಕ್ಕಿಂತ ಮೇಲೆ ಏರಿಸಿಟ್ಟಳು. ಅಂದು ಸಂಜೆ ಆಟ ಬೆಣ್ಣೆಯ ಹಾಗೆ ನಡೆಯಿತು. ಯಕ್ಷಿತಾ ಮೈಕಿನಲ್ಲೇ ಕಿರುಚಿ ಸಂಭ್ರಮಿಸಿದಳು.

ಮರುದಿನ ಕೌಂಟರಿನಲ್ಲಿ ಕೂತಿದ್ದಾಗ ಗಂಡನ ಫೋನು ಬಂತು. ಅವನು ಮನೆಯಿಂದಲೇ ಕೂತಿದ್ದ ಆಫೀಸಿನ ಮೀಟಿಂಗು ಆಗಷ್ಟೇ ಮುಗಿದಿತ್ತು.

"ಏನ್ ಮಾಡಿಟ್ಟೀ ಮಹಾದೇವಿ? ಸಾಹೇಬರೆಲ್ಲಾ ಕುಂತಿದ್ರು. ನನ್ನ ಮಾತು ಒಂದ ಅಕ್ಷರ ಅವರಿಗೆ ಕೇಳಿಸಲಿಲ್ಲ. ನನ್ನ ಬದಲಿ ಬ್ಯಾರೆಯವರು ಹೇಳಿ ಮುಗಿಸಿದ್ರು."

ಹೊರಡುವ ಮುನ್ನ ಅವಳು ಕಂಪ್ಯೂಟರ್ ಹಾಕಿಯೇ ಬಂದಿದ್ದಳು. ಆಟದ ಹೊಸ ಆವೃತ್ತಿ ಬಿಡುಗಡೆಯಾಗಿತ್ತು, ಸಂಜೆಯೊಳಗೆ ಇಳಿದಿರಲಿ ಎಂದು. ಆ ಭಾರೀ ಫೈಲು ಮೊದಲ ಮರ್ಯಾದೆ ಪಡೆದು ಇಡೀ ದಾರಿಯನ್ನು ನುಂಗಿ, ಗಂಡನ ಮಾತನ್ನು ಆಚೆ ತಳ್ಳಿತ್ತು. ಸಂತು ತನಗೆ ಮಾಡುತ್ತಿದ್ದುದನ್ನೇ ಅವಳು ಗಂಡನಿಗೆ ಮಾಡಿದ್ದಳು.

ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಲಕ್ಷ್ಮವ್ವ ಶುರುಮಾಡಿದಳು.

"ಮಾದೇವಿ, ನೀ ಆಟ ಆಡಿದ್ದಕ್ಕ ನಾ ಒಂದ ದಿನಾನೂ ಅಂದಾಕಿ ಅಲ್ಲ. ಆದ್ರ ಗಂಡನ ನೌಕರಿಗಿಂತ ಅದು ದೊಡ್ಡದಾತೇನು? ಆ ಡಬ್ಬಿ ತಗದು ಒಗದುಬಿಡು. ಆಟಾನೂ ಬಿಡು."

ಅನಿಲಕುಮಾರ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

"ತಪ್ಪು ನಂದರೀ ಅತ್ತಿ. ಒಪ್ಪಿಕೊಂಡೆ," ಎಂದಳು ಮಹಾದೇವಿ. "ನಾನೊಬ್ಬಾಕಿ ಮುಂದ ಹೋಗೂದು ನೋಡಿದೆ. ಅವರಿಗೆ ಇನ್ನೊಮ್ಮೆ ಹಿಂಗ ಆಗಬಾರದು, ಅದು ನನ್ನ ಜವಾಬ್ದಾರಿ. ಆದ್ರ ಆಟ ಬಿಡೂದಿಲ್ಲರಿ. ಒಮ್ಮೆ ಈ ಕಾಲು ಬಿಡಿಸ್ತು, ಇನ್ನೊಮ್ಮೆ ನಾನಾಗೇ ಬಿಡಲಾರೆ."

ಲಕ್ಷ್ಮವ್ವ ಸೊಸೆಯ ಮುಖ ನೋಡಿದಳು. ಇಷ್ಟು ವರ್ಷದಲ್ಲಿ ಅವಳು ಹೀಗೆ ಎದುರು ನಿಂತು ಮಾತಾಡಿದ್ದು ಇದೇ ಮೊದಲು. "ಸರಿ ಮಾಡ್ತೀನಿ ಅಂದೀಯಲ್ಲ, ಮಾಡು ನೋಡೂಣು," ಎಂದು ಒಳಗೆ ಹೋದಳು.

ಮಹಾದೇವಿ ಆ ಕ್ಷಣವೇ ತನ್ನ ಕಂಪ್ಯೂಟರನ್ನು ಪಟ್ಟಿಯ ಮೇಲಿನಿಂದ ಕೆಳಗಿಳಿಸಿದಳು. ಆಮೇಲೆ ಓದಲು ಕೂತಳು. ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಕಂಬಕ್ಕೆ ಒರಗಿ ನಿಂತು ಹಿಂದಿಯ ವೀಡಿಯೊಗಳನ್ನು ನೋಡಿದಳು. ಇಂಗ್ಲಿಷಿನ ಲೇಖನಗಳನ್ನು ಅರ್ಥವಾಗುವ ತನಕ ಮತ್ತೆ ಮತ್ತೆ ಓದಿದಳು. ಸ್ಟೇಷನ್ ತಪ್ಪಿಸಿಕೊಂಡು ಮುಂದಿನ ಸ್ಟೇಷನ್ನಿನಿಂದ ಹಿಂದೆ ಬಂದದ್ದೂ ಉಂಟು. ನಿಧಾನವಾಗಿ ಎರಡು ಸಂಗತಿ ತಿಳಿಯಾದವು. ಮೊದಲನೆಯದು, ಯಾರು ಕಳಿಸಿದ್ದು ಎಂದು ನೋಡಿ ಮರ್ಯಾದೆ ಕೊಡಬಾರದು, ಏನು ಕಳಿಸಿದ್ದು ಎಂದು ನೋಡಬೇಕು. ಮಾತುಕತೆ, ಆಟದಂಥ ಚಿಕ್ಕ ಚಿಕ್ಕ ತುಣುಕುಗಳನ್ನು ಮೊದಲು ಬಿಟ್ಟು, ದೊಡ್ಡ ಫೈಲುಗಳನ್ನು ನಡುನಡುವೆ ಸರದಿಯಂತೆ ಬಿಡಬೇಕು. ಎರಡನೆಯದು ಇನ್ನೂ ಸೂಕ್ಷ್ಮ. ಸಾಲು ಬೆಳೆಯುತ್ತಿದ್ದದ್ದು ಅವಳ ರೌಟರಿನಲ್ಲಲ್ಲ, ಅದರಾಚೆ ಕಂಪನಿಯ ಡಬ್ಬಿಯಲ್ಲಿ. ಅಲ್ಲಿ ಅವಳ ಮಾತು ನಡೆಯುವುದಿಲ್ಲ. ಹಾಗಾಗಿ ತಂತಿ ಹೊರಬಲ್ಲದ್ದಕ್ಕಿಂತ ತುಸು ಕಡಿಮೆಯನ್ನೇ ಕಳಿಸುವಂತೆ ತನ್ನ ರೌಟರಿಗೆ ಹೇಳಬೇಕು. ಆಗ ಸಾಲು ತನ್ನ ಮನೆಯೊಳಗೇ ನಿಲ್ಲುತ್ತದೆ, ಅದನ್ನು ತಾನು ಸರಿಪಡಿಸಬಹುದು. ವೇಗವನ್ನು ಕೈಯಾರೆ ಕಡಿಮೆ ಮಾಡಿದರೆ ಲ್ಯಾಗ್ ಹೋಗುತ್ತದೆ ಎಂಬುದು ಮೊದಲು ಹುಚ್ಚು ಮಾತೆನಿಸಿತು. ಮಾಡಿ ನೋಡಿಯೇ ಬಿಡುವುದೆಂದು ತೀರ್ಮಾನಿಸಿದಳು.

ಮಿತಿಯನ್ನು ಸ್ವಲ್ಪ ಇಳಿಸಿದಳು. ಸಂತು ಅಪ್ಲೋಡ್ ಹಾಕಿದಾಗ ಪಿಂಗ್ ಮತ್ತೆ ಕೆಂಪಾಯಿತು. ಬಹಳ ಇಳಿಸಿದಳು, ಅತ್ತೆಯ ಪ್ರವಚನದ ಸ್ವಾಮಿಗಳ ಮುಖ ಟೀವಿಯಲ್ಲಿ ಕಲಸಿಹೋಯಿತು. "ಅಯ್ಯ, ಅಜ್ಜಾರು ಮಂಜಿನಾಗ ಕುಂತಾರ ನೋಡು," ಎಂದು ಲಕ್ಷ್ಮವ್ವ ಕೂಗಿದಳು. ಮತ್ತೆ ತುಸು ಏರಿಸಿದಳು. ಪ್ರತಿ ಸಂಜೆ ಹೀಗೆ ಏರಿಸುತ್ತ ಇಳಿಸುತ್ತ ಕಡೆಗೊಂದು ಹದ ಸಿಕ್ಕಿತು. ಅಪ್ಲೋಡ್ ನಡೆದೇ ಇತ್ತು, ಪ್ರವಚನ ನಿಚ್ಚಳವಾಗಿತ್ತು, ಪಿಂಗ್ ಹಸಿರಿನಲ್ಲೇ ಉಳಿಯಿತು. ಮಹಾದೇವಿ ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದು ಮತ್ತೆ ನೋಡಿದಳು. ಹಸಿರೇ ಇತ್ತು.

ಆದರೆ ಕ್ವಾಲಿಫೈಯರಿನ ಹಿಂದಿನ ದಿನ ಅವಳು ಕೆಲಸದಿಂದ ಬಂದು ನೋಡಿದರೆ ಎಲ್ಲ ಅಳಿಸಿಹೋಗಿತ್ತು. ರೌಟರ್ ಅಂಗಡಿಯಿಂದ ತಂದ ಹೊಸದರಂತೆ ಬೋಳಾಗಿ ಕೂತಿತ್ತು.

"ನಾನೇ ರೀಸೆಟ್ ಹೊಡೆದೆ, ವೈನಿ," ಎಂದ ಸಂತು, ಮುಚ್ಚಿಡದೆ. "ಅಪ್ಲೋಡ್ ಸ್ಪೀಡ್ ಚೆಕ್ ಮಾಡಿದೆ, ಕಮ್ಮಿ ತೋರಿಸ್ತಾ ಇತ್ತು. ಮೇರಾ ಧಂಧಾ ಹೈ ಯಾರ್. ಎಡಿಟರ್ ತಲೆ ಮೇಲೆ ಕೂತಿದಾನೆ. ನಿಮ್ಮ ಆಟಕ್ಕೆ ನನ್ನ ಕೆಲಸ ಯಾಕೆ ಸ್ಲೋ ಆಗ್ಬೇಕು?"

ಮಹಾದೇವಿಯ ಬಾಯಿಗೆ ಕಟುವಾದ ಮಾತೊಂದು ಬಂತು. ಈ ಕಂಪ್ಯೂಟರ್ ಕೊಟ್ಟವನು, ಆಟ ಕಲಿಸಿದವನು ಇವನೇ ಎಂಬುದು ನೆನಪಾಗಿ ಅದನ್ನು ನುಂಗಿದಳು.

"ಸಂತು, ನೀ ಕೇಳಿದ್ದು ಬರೋಬ್ಬರಿ ಐತಿ. ನಿನಗ ಹೇಳದ ಮಾಡಬಾರದಿತ್ತು. ಈಗ ಒಂದ ಕೆಲಸ ಮಾಡೂಣು. ನಿನ್ನ ಹತ್ರ ಇರೂದರಾಗ ದೊಡ್ಡ ಫೈಲು ಯಾವುದೈತಿ, ಅದನ್ನ ಕಳಸಾಕ ಹಚ್ಚು. ಹಚ್ಚಿ ನಿನ್ನ ಎಡಿಟರಗೆ ವೀಡಿಯೊ ಕಾಲ್ ಮಾಡು."

ಸಂತು ಹಾಗೇ ಮಾಡಿದ. ಎಡಿಟರನ ಮುಖ ಪರದೆಯ ಮೇಲೆ ಚೌಕ ಚೌಕವಾಗಿ ಒಡೆಯಿತು; ಮಾತು ತುಂಡು ತುಂಡಾಗಿ ಬಂತು. "ಇದು ರೋಜ್ ಕಾ ಹೈ," ಎಂದ ಸಂತು. ಗಿರಾಕಿಗಳ ಜೊತೆ ಮಾತಾಡುವಾಗಲೂ ಹೀಗೇ ಆಗಿ ಅವನು ಕೆಳಗೆ ರಸ್ತೆಗೆ ಇಳಿದು ಫೋನ್ ಮಾಡುತ್ತಿದ್ದ. ಮಹಾದೇವಿ ಅವನ ಕಣ್ಣೆದುರೇ, ಒಂದೊಂದನ್ನೂ ಯಾಕೆಂದು ಹೇಳುತ್ತ, ಎಲ್ಲವನ್ನೂ ಮತ್ತೆ ಹೊಂದಿಸಿದಳು. ಅಪ್ಲೋಡ್ ನಡೆಯುತ್ತಿದ್ದಂತೆಯೇ ಎಡಿಟರನ ಮುಖ ಕೂಡಿಕೊಂಡಿತು. ಅವನು ಚಹಾ ಹೀರಿದ ಸದ್ದು ಕೂಡ ಕೇಳಿಸಿತು.

"ನಿನ್ನ ಫೈಲು ಒಂದೀಟು ತಡಾ ಆಗತೈತಿ. ಸುಳ್ಳು ಹೇಳೂದಿಲ್ಲ," ಎಂದಳು ಮಹಾದೇವಿ. "ಅದು ನಡೀತದೇನು ಇಲ್ಲೇನು, ನೀನ ಹೇಳು. ನೀ ಬ್ಯಾಡ ಅಂದ್ರ ನಾ ನಾಳೆ ಯಕ್ಷಿತಾನ ಮನೀಗೆ ಹೋಗಿ ಆಡ್ತೀನಿ."

ಸಂತು ಪರದೆಯನ್ನೂ ವೈನಿಯನ್ನೂ ನೋಡಿ ತಲೆ ಕೆರೆದುಕೊಂಡ. "ಚಲ್ತಾ ಹೈ. ಇರಲಿ ಬಿಡಿ. ಆದ್ರೆ ಪಾಸ್‌ವರ್ಡ್ ನನಗೂ ಕೊಡಿ."

"ಇಬ್ಬರಿಗೂ ಒಂದ," ಎಂದಳು ಅವಳು.

ಭಾನುವಾರ ಮಧ್ಯಾಹ್ನ ಕ್ವಾಲಿಫೈಯರ್. ಲಕ್ಷ್ಮವ್ವ ಪ್ರವಚನ ಹಾಕಿಕೊಂಡು ಕೂತಳು. ಸಂತು ಹಿಂದಿನ ದಿನದ ಮದುವೆಯನ್ನು ಕಳಿಸಲು ಹಚ್ಚಿದ. ಅನಿಲಕುಮಾರ "ನಾ ಫೋನ್ ಬಂದ್ ಮಾಡ್ಲೇನು?" ಎಂದು ಮೆಲ್ಲಗೆ ಕೇಳಿದ. ಆ ದಿನದ ಸಿಟ್ಟು ಅವನಲ್ಲಿ ಉಳಿದಿರಲಿಲ್ಲ. "ಯಾರೂ ಏನೂ ಬಂದ್ ಮಾಡೂದು ಬ್ಯಾಡರೀ," ಎಂದಳು ಮಹಾದೇವಿ.

ಮೊದಲ ಸುತ್ತಿನಲ್ಲಿ ಅವಳು ನುಗ್ಗಿದಳು, ಎಡಕ್ಕೆ ತಿರುಗಿದಳು, ಸತ್ತಳು. ಕಣ್ಣು ತಾನಾಗಿಯೇ ಪರದೆಯ ಮೂಲೆಗೆ ಹೋಯಿತು. ಪಿಂಗ್ ತಣ್ಣಗೆ ಹಸಿರಾಗಿತ್ತು. ಲ್ಯಾಗ್ ಇರಲಿಲ್ಲ. ಎಡಕ್ಕೆ ತಿರುಗಿದ್ದೇ ತಪ್ಪು, ಆ ತಪ್ಪು ಪೂರಾ ಅವಳದೇ. ಇಷ್ಟು ದಿನ ಎಷ್ಟು ಸೋಲುಗಳನ್ನು ನೆಟ್ ಮೇಲೆ ಹೊರಿಸಿದ್ದೆನೋ, ಅವುಗಳಲ್ಲಿ ನನ್ನವೆಷ್ಟೋ ಎಂದು ಒಂದು ಗಳಿಗೆ ಅಳುಕಾಯಿತು. ಮರುಗಳಿಗೆಯೇ ಒಳಗಿನಿಂದ ಒಂದು ಹುರುಪು ಎದ್ದು ಬಂತು. ತಪ್ಪು ತನ್ನದೆಂದ ಮೇಲೆ ತಿದ್ದುವುದೂ ತನ್ನ ಕೈಯಲ್ಲೇ ಇದೆ.

"ಯಕ್ಷಿತಾ, ಅವರು ಎಡಕ್ಕ ಇಬ್ಬರನ್ನ ಇಟ್ಟಾರ. ಮುಂದಿನ ಸಲ ನಾ ಎಡಕ್ಕ ಹೋದಂಗ ಮಾಡಿ ಬಲಕ್ಕ ಹೊಳ್ಳತೀನಿ. ನನ್ನ ಹಿಂದನ ಬಾ."

"ಬಂದೆ ಅಕ್ಕ."

ಅವಳು ಎಡಕ್ಕೆ ಹೆಜ್ಜೆ ಹಾಕಿ, ಕಾಯುವವರು ಆ ಕಡೆ ವಾಲುವುದನ್ನು ಕಂಡು, ಬಲಕ್ಕೆ ಹೊರಳಿದಳು. ಕೈ ಒತ್ತಿದ ಕ್ಷಣವೇ ಗುಂಡು ತಲುಪಿತು. ಇಬ್ಬರು ಬಿದ್ದರು. ಹಿಂದಿನಿಂದ ಯಕ್ಷಿತಾ ಒಳಗೆ ಬಂದಳು. ಕೋಟೆ ಕೈಗೆ ಬಂತು. ಅಲ್ಲಿಂದಾಚೆ ಪಂದ್ಯ ಅತ್ತಿತ್ತ ಜಗ್ಗಾಡಿ, ಕೊನೆಯ ಸುತ್ತಿನವರೆಗೂ ಎಳೆದು, ಕಡೆಗೆ ಇವರ ಪಾಲಾಯಿತು. ಮಹಾದೇವಿ ಹೆಡ್‌ಫೋನ್ ಕೆಳಗಿಟ್ಟಳು. ಟೀವಿಯಲ್ಲಿ ಪ್ರವಚನ ಇನ್ನೂ ನಡೆದಿತ್ತು, ಸಂತುವಿನ ಮದುವೆ ಇನ್ನೂ ಹೋಗುತ್ತಿತ್ತು.

ಕೊನೆಯ ಹಂತದ ಪಂದ್ಯಗಳು ಪರೇಲಿನಲ್ಲಿ, ಹಿಂದೆ ಗಿರಣಿಯಾಗಿದ್ದ ಕಟ್ಟಡದ ಸಭಾಂಗಣದಲ್ಲಿ. ಲಕ್ಷ್ಮವ್ವ ಇಳಕಲ್ ಸೀರೆ ಉಟ್ಟು, ಗಂಡುಮಕ್ಕಳಿಬ್ಬರ ನಡುವೆ ಮುಂದಿನ ಸಾಲಿನಲ್ಲಿ ಕೂತಳು. ಪಕ್ಕದಲ್ಲಿ ಅಣವೀರಪ್ಪ. ದೊಡ್ಡ ಪರದೆಯ ಮೇಲೆ ಓಡಾಡುವ ಹತ್ತು ಬೊಂಬೆಗಳಲ್ಲಿ ತನ್ನ ಮಗಳು ಯಾವುದೆಂದು ಅವನಿಗೆ ಯಾರೂ ಹೇಳಬೇಕಾಗಲಿಲ್ಲ. ಮೊದಲು ಒಳಗೆ ನುಗ್ಗಿದ್ದನ್ನು ತೋರಿಸಿ, "ಅಕಿನ ನೋಡ್ರಿ," ಎಂದು ಬೀಗಿತಿ ಲಕ್ಷ್ಮವ್ವನಿಗೆ ಹೇಳಿದ.

ಅವರು ಸೆಮಿಫೈನಲಿನಲ್ಲಿ ಸೋತರು. ಎದುರಿನ ತಂಡ ಚೆನ್ನಾಗಿ ಆಡಿತು, ಅಷ್ಟೇ. ಮೂರನೆಯ ಸ್ಥಾನದ ಪಂದ್ಯ ಗೆದ್ದರು. ವೇದಿಕೆಯಿಂದ ಇಳಿದು ಬಂದಾಗ ಯಕ್ಷಿತಾ ಅವಳ ತೋಳು ಹಿಡಿದು, "ಅಕ್ಕ, ಬರುವ ವರ್ಷ ಆಡ್ತೀರಲ್ಲ? ಅಲ್ಲ, ವಯಸ್ಸು ಗಿಯಸ್ಸು ಅಂತ ಹೇಳುವುದಿಲ್ಲ ಅಲ್ವಾ?" ಎಂದು ಕೇಳಿದಳು.

"ಬರೂ ವರ್ಷ ಯಾಕ? ಮಂಗಳವಾರ ಸಂಜೀಗೆ ಪ್ರ್ಯಾಕ್ಟೀಸ್ ಇಟ್ಟುಕೋ," ಎಂದಳು ಮಹಾದೇವಿ. "ಆ ಎಡಕ್ಕ ತಿರಗೂ ಚಟಾ ನಂದು ಇನ್ನೂ ಹೋಗಿಲ್ಲ. ಮೊದಲು ಅದನ್ನ ಬಿಡಿಸಬೇಕು."

ಹೊರಗೆ ಲಕ್ಷ್ಮವ್ವ ಕಾಯುತ್ತಿದ್ದಳು. ಎಲ್ಲರೂ ಸೇರಿ ಪರೇಲ್ ಸ್ಟೇಷನ್ನಿನ ಕಡೆ ನಡೆದರು. ಜನಸಂದಣಿಯಲ್ಲಿ ಮಹಾದೇವಿ ಮುಂದೆ ದಾರಿ ಮಾಡುತ್ತ ಹೋದಳು.